ಗಂಟಲಿನ ಚೀಲಕ್ಕೆ ಯಾವ ಶಸ್ತ್ರಚಿಕಿತ್ಸೆ? ಸಹಿ ಹಾಕುವ ಮೊದಲು ತಿಳಿಯಬೇಕಾದದ್ದು

ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಗಂಟಲಿಗೆ ಇಳಿಸಿದರೆ ಆಯಿತು. ಪಾವಗಡ ತಾಲ್ಲೂಕಿನ ನಮ್ಮ ಮನೆಯಲ್ಲಿ 76 ವರ್ಷದ ಮಾವ ಆ ತುತ್ತನ್ನು ದಿನದಿಂದ ದಿನಕ್ಕೆ ಚಿಕ್ಕದು ಮಾಡುತ್ತಾ ಬಂದರು. ಆಮೇಲೆ ಅನ್ನ ಕೇಳಿದರು, ಆಮೇಲೆ ಗಂಜಿ. "ಮುದ್ದೆ ಬೇಡಮ್ಮ, ಇಳಿಯುವುದಿಲ್ಲ" ಎಂದಾಗ ಹಲ್ಲಿನ ತೊಂದರೆಯೋ ವಯಸ್ಸೋ ಎಂದುಕೊಂಡೆವು. ನಮ್ಮನ್ನು ಎಚ್ಚರಿಸಿದ್ದು ದಿಂಬು. ಒಂದು ಬೆಳಿಗ್ಗೆ ದಿಂಬಿನ ಮೇಲೆ ಹಿಂದಿನ ರಾತ್ರಿಯ ಅವರೆಕಾಳು ಕಾಳಾಗಿಯೇ ಬಿದ್ದಿತ್ತು. ವಾಂತಿಯ ಹುಳಿ ವಾಸನೆ ಇರಲಿಲ್ಲ. ತಿಂದದ್ದು ಹೊಟ್ಟೆಯನ್ನೇ ಮುಟ್ಟದೆ ಎಲ್ಲೋ ನಿಂತಿದ್ದು ಹಾಗೆಯೇ ಹಿಂದಿರುಗಿತ್ತು. ಅದು ನಿಂತಿದ್ದು ಗಂಟಲಿನ ಚೀಲದಲ್ಲಿ, ಅಂದರೆ ಗಂಟಲಿನ ಹಿಂಗೋಡೆ ಹೊರಗೆ ಉಬ್ಬಿ ಆದ ಚೀಲದಲ್ಲಿ, ಎಂದು ಆಮೇಲೆ ತಿಳಿಯಿತು.

ಆ ಹೊತ್ತಿಗೆ ಎರಡು ವರ್ಷ ಕಳೆದುಹೋಗಿತ್ತು. ನಡುವೆ ಎರಡು ಸಲ ನ್ಯುಮೋನಿಯಾ ಆಗಿ, ಎರಡು ಸಲವೂ ಅದನ್ನು ಬರೀ ಕಫ ಎಂದು ಗುಣಪಡಿಸಿಕೊಂಡು ಬಂದಿದ್ದೆವು. ಆ ಎರಡು ವರ್ಷ ಬೇರೆ ಯಾವ ಮನೆಯಲ್ಲೂ ಹೋಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ. ಆದರೆ ಮೂರು ಆಸ್ಪತ್ರೆಗಳ ಹೊರರೋಗಿ ಸಾಲಿನಲ್ಲಿ ಕುಳಿತು, ಕೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ತಿಳಿಯದಿದ್ದರೆ ಮತ್ತೆ ಕೇಳಿದವಳು.

ಮೊದಲ ಹೆಜ್ಜೆ: ಲಕ್ಷಣವನ್ನು ಸರಿಯಾಗಿ ಹೇಳುವುದು

"ಊಟ ಸೇರುತ್ತಿಲ್ಲ" ಎಂದರೆ ವೈದ್ಯರಿಗೆ ಏನೂ ಗೊತ್ತಾಗುವುದಿಲ್ಲ. ಹೀಗೆ ಹೇಳಿ: ತಿಂದು ಗಂಟೆಗಳಾದ ಮೇಲೆ, ಬಗ್ಗಿದಾಗ ಅಥವಾ ಮಲಗಿದಾಗ, ಅರಗದ ಆಹಾರ ಹುಳಿಯಿಲ್ಲದೆ ಬಾಯಿಗೆ ಬರುತ್ತದೆ. ನೀರು ಕುಡಿದಾಗ ಕುತ್ತಿಗೆಯಲ್ಲಿ ಗುಳುಗುಳು ಸದ್ದಾಗುತ್ತದೆ. ನುಂಗಿದ ಮಾತ್ರೆ ಸಂಜೆಗೆ ಹಾಗೆಯೇ ಹೊರಬರುತ್ತದೆ. ಹಲ್ಲುಜ್ಜಿದರೂ ಬಾಯಿಯ ದುರ್ವಾಸನೆ ಹೋಗುವುದಿಲ್ಲ. ರಾತ್ರಿ ಕೆಮ್ಮಿ ಎದ್ದು ಕೂರುತ್ತಾರೆ, ತೂಕ ಇಳಿಯುತ್ತಿದೆ. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಇದ್ದು, ವಯಸ್ಸು 60 ದಾಟಿದ್ದರೆ, ಗಂಟಲಿನ ಚೀಲದ ಅನುಮಾನ ಬರಲೇಬೇಕು. ಗಂಡಸರಲ್ಲಿ ಇದು ಹೆಚ್ಚು.

ನುಂಗಲು ಕಷ್ಟವಾದ ಎಲ್ಲರಿಗೂ ಚೀಲವೇ ಇರುವುದಿಲ್ಲ ಎಂಬುದನ್ನೂ ಮನಸ್ಸಿನಲ್ಲಿಡಿ. ಕೆಲವೇ ವಾರಗಳಲ್ಲಿ ಮೊದಲು ಮುದ್ದೆ, ನಂತರ ಅನ್ನ, ನಂತರ ನೀರೂ ಇಳಿಯದಂತಾದರೆ, ದನಿ ಒಡೆದರೆ, ಉಗುಳಿನಲ್ಲಿ ರಕ್ತ ಕಂಡರೆ, ಕುತ್ತಿಗೆಯಲ್ಲಿ ಗಟ್ಟಿ ಗಂಟು ಕೈಗೆ ಸಿಕ್ಕರೆ, ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅದನ್ನು ಮನೆಯಲ್ಲಿ ಕುಳಿತು ತೀರ್ಮಾನಿಸಬೇಡಿ. ಅದೇ ವಾರ ಕಿವಿ, ಮೂಗು, ಗಂಟಲಿನ ವೈದ್ಯರ ಬಳಿಗೆ ಹೋಗಿ.

ಎರಡನೆಯ ಹೆಜ್ಜೆ: ಮೊದಲು ಬೇರಿಯಂ, ನಂತರ ಎಂಡೋಸ್ಕೋಪಿ

ಬೇರಿಯಂ ಎಂಬ ಸುಣ್ಣದಂಥ ಬಿಳಿ ದ್ರವವನ್ನು ಗುಟುಕು ಗುಟುಕಾಗಿ ಕುಡಿಸುತ್ತಾ ಎಕ್ಸ್‌ರೇ ತೆಗೆಯುತ್ತಾರೆ. ಅನ್ನನಾಳದ ಹಿಂಬದಿಯಲ್ಲಿ ಚೀಲವಿದ್ದರೆ ಅದರೊಳಗೆ ಬಿಳಿ ತುಂಬಿ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇದಕ್ಕೆ ಬೆಂಗಳೂರಿಗೇ ಓಡಬೇಕಿಲ್ಲ. ತುಮಕೂರಿನಲ್ಲೂ ಕೋಲಾರದ ಟಮಕದಲ್ಲೂ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಅವುಗಳ ರೇಡಿಯಾಲಜಿ ವಿಭಾಗದಲ್ಲಿ ಮೊದಲು ವಿಚಾರಿಸಿ. ವರದಿ ಬಂದ ಮೇಲೆ ಚೀಲ ಎಷ್ಟು ಸೆಂಟಿಮೀಟರ್ ಇದೆ ಎಂದು ಕೇಳಿ ಬರೆಸಿಕೊಳ್ಳಿ. ಮುಂದಿನ ತೀರ್ಮಾನಗಳಲ್ಲಿ ಅರ್ಧದಷ್ಟು ಆ ಒಂದು ಅಳತೆಯ ಮೇಲೆ ನಿಲ್ಲುತ್ತವೆ.

ಎಂಡೋಸ್ಕೋಪಿಗಿಂತ ಮೊದಲು ಇದು ಏಕೆ? ದೊಡ್ಡ ಚೀಲದ ಬಾಯಿ ಗಂಟಲಿನ ದಾರಿಗೆ ನೇರವಾಗಿ ತೆರೆದಿರುತ್ತದೆ, ನಿಜವಾದ ಅನ್ನನಾಳವೇ ಪಕ್ಕಕ್ಕೆ ಸರಿದು ಕಿರಿದಾಗಿರುತ್ತದೆ. ಗೊತ್ತಿಲ್ಲದೆ ಇಳಿಸಿದ ಕೊಳವೆ ಚೀಲದೊಳಗೆ ಹೋಗಿ ಅದರ ತೆಳು ಗೋಡೆಯನ್ನು ತೂತು ಮಾಡಬಹುದು. ಮೂಗಿನಿಂದ ಹಾಕುವ ಊಟದ ಪೈಪಿಗೂ ಇದೇ ಮಾತು. ಎರಡನೆಯ ನ್ಯುಮೋನಿಯಾದಲ್ಲಿ ಮಾವ ದಾಖಲಾಗಿದ್ದ ಕಡೆ ಆ ಪೈಪನ್ನು ಮೂರು ಸಲ ತಳ್ಳಿದರು. ಮೂರು ಸಲವೂ ಅದು ಒಳಗೆ ಸುರುಳಿ ಸುತ್ತಿ ನಿಂತಿತು. ನಾಲ್ಕನೆಯ ಸಲ ಬೇಡವೆಂದು ಹಿರಿಯ ದಾದಿಯೊಬ್ಬರು ತಡೆದರು. ಆ ತಾಯಿಗೆ ನಾನು ಇಂದಿಗೂ ಕೃತಜ್ಞಳು.

ಮೂರನೆಯ ಹೆಜ್ಜೆ: ತಪ್ಪು ಚೀಲದ್ದಲ್ಲ, ಸ್ನಾಯುವಿನದು

ಇಷ್ಟನ್ನು ಅರ್ಥಮಾಡಿಕೊಂಡರೆ ಉಳಿದ ಹೋಲಿಕೆಯೆಲ್ಲ ಸುಲಭ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ನಮ್ಮ ಈ ಮೂರು ಜಿಲ್ಲೆಗಳು ಕೆರೆಗಳ ಜಿಲ್ಲೆಗಳು, ಹಾಗಾಗಿ ಕೆರೆಯನ್ನೇ ನೆನೆಯೋಣ. ತೂಬು ಸರಿಯಾಗಿ ತೆರೆಯದಿದ್ದರೆ ನೀರಿನ ಒತ್ತಡವೆಲ್ಲ ಏರಿಯ ಮೇಲೆ ಬೀಳುತ್ತದೆ, ಏರಿ ಎಲ್ಲಿ ಬಡವಾಗಿದೆಯೋ ಅಲ್ಲಿ ಉಬ್ಬುತ್ತದೆ. ಗಂಟಲು ಮುಗಿದು ಅನ್ನನಾಳ ಶುರುವಾಗುವ ಕಡೆ ಕ್ರೈಕೋಫ್ಯಾರಿಂಜಿಯಸ್ ಎಂಬ ಉಂಗುರದಂಥ ಸ್ನಾಯುವಿದೆ. ಅದೇ ತೂಬು. ಸದಾ ಬಿಗಿದುಕೊಂಡಿದ್ದು, ನುಂಗುವ ಕ್ಷಣದಲ್ಲಿ ಮಾತ್ರ ಸಡಿಲವಾಗುವುದು ಅದರ ಕೆಲಸ. ವಯಸ್ಸಾದಂತೆ ಅದು ಗಡುಸಾಗಿ ಪೂರ್ತಿ ತೆರೆಯದಿದ್ದರೆ, ಪ್ರತಿ ತುತ್ತಿನ ಒತ್ತಡವೂ ಅದರ ಮೇಲ್ಗಡೆಯ ಹಿಂಗೋಡೆಯಲ್ಲಿರುವ ತೆಳು ಜಾಗದ ಮೇಲೆ ಬೀಳುತ್ತದೆ. ಆ ಜಾಗಕ್ಕೆ ಕಿಲಿಯನ್ ತ್ರಿಕೋನ ಎಂದು ಹೆಸರು. ವರ್ಷಗಟ್ಟಲೆ ಒತ್ತಿ ಒತ್ತಿ ಒಳಪದರ ಅಲ್ಲಿಂದ ಹೊರಗೆ ಚಾಚಿಕೊಂಡರೆ ಅದೇ ಚೀಲ. 1877ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದ ಜರ್ಮನ್ ವೈದ್ಯ ಝೆಂಕರ್ ಅವರ ಹೆಸರು ಇದಕ್ಕೆ ಅಂಟಿಕೊಂಡಿದೆ. ಆಸ್ಪತ್ರೆಯ ಚೀಟಿಯಲ್ಲಿ ಝೆಂಕರ್ ಡೈವರ್ಟಿಕ್ಯುಲಮ್ ಎಂದೋ ಫ್ಯಾರಿಂಜಿಯಲ್ ಪೌಚ್ ಎಂದೋ ಬರೆದಿದ್ದರೆ ಎರಡೂ ಒಂದೇ ಎಂದು ತಿಳಿಯಿರಿ.

ಆದ್ದರಿಂದ ಶಸ್ತ್ರಚಿಕಿತ್ಸಕರಿಗೆ ನೀವು ಕೇಳಬೇಕಾದ ಮೊದಲ ಪ್ರಶ್ನೆ "ಚೀಲ ತೆಗೆಯುತ್ತೀರಾ?" ಎಂಬುದಲ್ಲ. "ಸ್ನಾಯುವನ್ನು ಪೂರ್ತಿಯಾಗಿ ಸೀಳುತ್ತೀರಾ?" ಎಂದು ಕೇಳಿ. ಏರಿಯ ಉಬ್ಬನ್ನು ಸವರಿ ತೂಬನ್ನು ಹಾಗೆಯೇ ಬಿಟ್ಟರೆ ಮುಂದಿನ ಮಳೆಗೆ ಅದೇ ಕಥೆ. ಸ್ನಾಯುವನ್ನು ಬಿಟ್ಟು ಚೀಲವನ್ನು ಮಾತ್ರ ಕತ್ತರಿಸಿದರೆ ಹೊಲಿಗೆಯ ಮೇಲೆ ಅದೇ ಒತ್ತಡ ಬಿದ್ದು ಸೋರಬಹುದು, ಚೀಲ ಮತ್ತೆ ಬೆಳೆಯಬಹುದು. ಮುಂದೆ ಹೇಳುವ ಎಲ್ಲ ವಿಧಾನಗಳ ಜೀವಾಳ ಸ್ನಾಯುವನ್ನು ಸೀಳುವುದೇ. ಅಲ್ಲಿಗೆ ತಲುಪುವ ದಾರಿ ಮಾತ್ರ ಬೇರೆ ಬೇರೆ.

ನಾಲ್ಕನೆಯ ಹೆಜ್ಜೆ: ದಾರಿಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡುವುದು

ಏನೂ ಮಾಡದಿರುವುದೂ ಒಂದು ದಾರಿ. ಚೀಲ ಚಿಕ್ಕದಾಗಿದ್ದು ತೊಂದರೆ ಕೊಡುತ್ತಿಲ್ಲವಾದರೆ ಆಗಾಗ ತೋರಿಸಿಕೊಂಡು ಇರಬಹುದು. ಆದರೆ ಮಾತ್ರೆ, ಕಷಾಯ, ಲೇಪ ಯಾವುದರಿಂದಲೂ ಚೀಲ ಕುಗ್ಗುವುದಿಲ್ಲ. ಒಮ್ಮೆ ನ್ಯುಮೋನಿಯಾ ಆದವರು, ತೂಕ ಇಳಿಯುತ್ತಿರುವವರು ಕಾಯಬಾರದು. ಈ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಹಳೆಯ ದಾರಿ ಕುತ್ತಿಗೆಯ ಹೊರಗಿನಿಂದ ಕೊಯ್ಯುವುದು, ಸಾಮಾನ್ಯವಾಗಿ ಎಡಭಾಗದಲ್ಲಿ. ಸ್ನಾಯುವನ್ನು ಕಣ್ಣಾರೆ ನೋಡಿ ಪೂರ್ತಿ ಸೀಳಬಹುದು, ಇದೇ ಇದರ ದೊಡ್ಡ ಬಲ. ಚೀಲ ದೊಡ್ಡದಾಗಿದ್ದರೆ ಕತ್ತರಿಸಿ ತೆಗೆದು ಹೊಲಿಯುತ್ತಾರೆ. ಮಧ್ಯಮ ಗಾತ್ರದ್ದಾದರೆ ಕತ್ತರಿಸದೆ, ಅದರ ತಳವನ್ನು ಮೇಲಕ್ಕೆತ್ತಿ ಹೊಲಿದು ನಿಲ್ಲಿಸುವುದೂ ಉಂಟು. ಬಾಯಿ ಕೆಳಗಾದ ಚೀಲದಲ್ಲಿ ಆಹಾರ ನಿಲ್ಲುವುದಿಲ್ಲ, ಗೋಡೆಯನ್ನು ಕತ್ತರಿಸದ ಕಾರಣ ಸೋರುವ ಭಯವೂ ಕಡಿಮೆ. ತೀರಾ ಚಿಕ್ಕದಾದರೆ ಸ್ನಾಯುವನ್ನು ಸೀಳುವುದೊಂದೇ ಸಾಕಾಗಬಹುದು. ನಾಲ್ಕು ದಾರಿಗಳಲ್ಲಿ ತೊಂದರೆ ಮರುಕಳಿಸುವುದು ಇದರಲ್ಲೇ ಕಡಿಮೆ. ಅದಕ್ಕೆ ತೆರುವ ಬೆಲೆಯೂ ಇದೆ. ಪೂರ್ಣ ಅರಿವಳಿಕೆ ಬೇಕು, ಆಸ್ಪತ್ರೆವಾಸ ಕೆಲವು ದಿನಗಳಿಂದ ವಾರದವರೆಗೆ ಎಳೆಯಬಹುದು, ಬಾಯಿಂದ ಊಟ ಶುರುವಾಗುವುದು ತಡ. ದನಿಗೆ ಸಂಬಂಧಿಸಿದ ನರ ಅಲ್ಲೇ ಹಾದುಹೋಗುವುದರಿಂದ ಅದಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ. ಹೊಲಿಗೆ ಸೋರಿದರೆ ಸೋಂಕು ಎದೆಗೂಡಿನೊಳಗೆ ಇಳಿಯಬಹುದು.

ಎರಡನೆಯ ದಾರಿ ಬಾಯಿಯ ಮೂಲಕ, ಗಟ್ಟಿಯಾದ ಲೋಹದ ಕೊಳವೆಯಿಂದ. ಚೀಲಕ್ಕೂ ಅನ್ನನಾಳಕ್ಕೂ ನಡುವೆ ಒಂದು ಅಡ್ಡಗೋಡೆ ಇರುತ್ತದೆ, ಸರಿಯಾಗಿ ತೆರೆಯದ ಆ ಸ್ನಾಯು ಅಡಗಿರುವುದು ಅದರೊಳಗೇ. ಅಡ್ಡಗೋಡೆಯನ್ನು ಸೀಳಿದರೆ ಸ್ನಾಯುವೂ ಸೀಳುತ್ತದೆ, ಚೀಲವೂ ಅನ್ನನಾಳವೂ ಸೇರಿ ಒಂದೇ ಕೋಣೆಯಾಗುತ್ತವೆ. 1917ರಲ್ಲಿ ಅಮೆರಿಕದ ಮೋಷರ್ ಇದನ್ನು ಮೊದಲು ಮಾಡಿದರು. ಆದರೆ ಸೋಂಕಿನಿಂದ ರೋಗಿಯೊಬ್ಬರು ತೀರಿಕೊಂಡ ಮೇಲೆ ಕೈಬಿಟ್ಟರು. ಸ್ವೀಡನ್ನಿನ ಡೋಲ್‌ಮನ್ ವಿದ್ಯುತ್ ಶಾಖದಿಂದ ಸೀಳುವ ಕ್ರಮವನ್ನು 1960ರಲ್ಲಿ ಪ್ರಕಟಿಸಿ ಈ ದಾರಿಗೆ ಮತ್ತೆ ಜೀವ ಕೊಟ್ಟರು. 1993ರಲ್ಲಿ ಸ್ಟೇಪ್ಲರ್ ಬಂದ ಮೇಲೆ ಇದು ವ್ಯಾಪಕವಾಯಿತು. ಸ್ಟೇಪ್ಲರಿನ ಒಂದು ದವಡೆ ಚೀಲದಲ್ಲಿ, ಇನ್ನೊಂದು ಅನ್ನನಾಳದಲ್ಲಿ ಕೂರುತ್ತದೆ. ಒತ್ತಿದಾಗ ಎರಡೂ ಬದಿಗೆ ಪಿನ್ನುಗಳ ಸಾಲು ಹೊಲಿಯುತ್ತದೆ, ನಡುವೆ ಕತ್ತರಿಸುತ್ತದೆ. ಸೀಳಿದ ಅಂಚು ಆ ಕ್ಷಣವೇ ಮುಚ್ಚಿಕೊಳ್ಳುವುದರಿಂದ ಸೋರಿಕೆ ಕಡಿಮೆ, ಒಂದೆರಡು ದಿನಗಳಲ್ಲಿ ಮನೆ ಸೇರಬಹುದು. ಆದರೆ ಸ್ಟೇಪ್ಲರಿನ ತುದಿಯ ಸ್ವಲ್ಪ ಭಾಗ ಕತ್ತರಿಸುವುದಿಲ್ಲ. ಹಾಗಾಗಿ 3 ಸೆಂಟಿಮೀಟರಿಗಿಂತ ಚಿಕ್ಕ ಚೀಲದಲ್ಲಿ ಅಡ್ಡಗೋಡೆಯ ದೊಡ್ಡ ಪಾಲು ಸೀಳದೆ ಉಳಿಯುತ್ತದೆ, ತೊಂದರೆಯೂ ಉಳಿಯುತ್ತದೆ. ಅಂಥವರಿಗೆ ಅದೇ ಕೊಳವೆಯಿಂದ ಇಂಗಾಲದ ಡೈಆಕ್ಸೈಡ್ ಲೇಸರ್ ಬಳಸಿ ಸೀಳಬಹುದು. ಲೇಸರ್ ತಳದವರೆಗೂ ತಲುಪುತ್ತದೆ. ಆದರೆ ಅದು ಹೊಲಿಯುವುದಿಲ್ಲ, ಆದ್ದರಿಂದ ಮೊದಲ ಎರಡು ಮೂರು ದಿನ ಹೆಚ್ಚು ಎಚ್ಚರ ಬೇಕು.

ಮೂರನೆಯದು ಬಾಗುವ ಎಂಡೋಸ್ಕೋಪಿನ ದಾರಿ, 1990ರ ದಶಕದ ನಡುವಿನಿಂದ ಬಳಕೆಯಲ್ಲಿದೆ. ಇದನ್ನು ಸಾಮಾನ್ಯವಾಗಿ ಹೊಟ್ಟೆ ಮತ್ತು ಕರುಳಿನ ತಜ್ಞರು ಮಾಡುತ್ತಾರೆ. ಹೊಟ್ಟೆ ನೋಡಲು ಇಳಿಸುವ ಆ ಕೊಳವೆಯ ತುದಿಯಿಂದಲೇ ಸಣ್ಣ ವಿದ್ಯುತ್ ಚಾಕುವಿನಲ್ಲಿ ಅಡ್ಡಗೋಡೆಯನ್ನು ಸೀಳಿ, ಕೊನೆಗೆ ಕ್ಲಿಪ್ ಹಾಕುತ್ತಾರೆ. ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಬೇಕಿಲ್ಲ. ಪೂರ್ಣ ಅರಿವಳಿಕೆ ತಾಳಲಾರದವರಿಗೆ ಮಂಪರಿನಲ್ಲೂ ಮಾಡುವುದುಂಟು. ಮರುಕಳಿಕೆ ಹೊರಗಿನ ಕೊಯ್ತಕ್ಕಿಂತ ಹೆಚ್ಚು, ಕೆಲವರಿಗೆ ಎರಡನೆಯ ಸಲ ಬೇಕಾಗುತ್ತದೆ. ಆದರೆ ಎರಡನೆಯ ಸಲವೂ ಇದೇ ದಾರಿಯಲ್ಲಿ ಮಾಡಬಹುದು.

ನಾಲ್ಕನೆಯದನ್ನು ಝಡ್-ಪೊಯೆಮ್ ಎನ್ನುತ್ತಾರೆ. ಒಳಪದರದಲ್ಲಿ ಸಣ್ಣ ಸೀಳು ಮಾಡಿ, ಅದರಡಿ ಸುರಂಗ ಕೊರೆದು, ಸ್ನಾಯುವನ್ನು ತಳದವರೆಗೂ ನೋಡಿಕೊಂಡು ಸೀಳಿ, ಬಾಯಿಯನ್ನು ಕ್ಲಿಪ್ಪಿನಿಂದ ಮುಚ್ಚುತ್ತಾರೆ. 2016ರಿಂದ ಈಚಿನದು. ವಿಚಾರ ನನಗೆ ತುಂಬ ಹಿಡಿಸಿತು, ಆದರೆ ಇದು ಕೈ ಪಳಗಿದವರ ಕೆಲಸ. ವೈದ್ಯರು ಇದನ್ನು ಸೂಚಿಸಿದರೆ ಈವರೆಗೆ ಎಷ್ಟು ಮಾಡಿದ್ದೀರಿ ಎಂದು ವಿನಯದಿಂದಲೇ ಕೇಳಿ. ಒಳ್ಳೆಯ ವೈದ್ಯರು ಆ ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ.

ಐದನೆಯ ಹೆಜ್ಜೆ: ಮನೆಯಲ್ಲೇ ಎರಡು ಪರೀಕ್ಷೆ

ದೊಡ್ಡ ಊರಿನ ಕರಪತ್ರಗಳಲ್ಲಿ ಎದ್ದು ಕಾಣದ, ನಮ್ಮ ಮೂರು ಜಿಲ್ಲೆಗಳಿಗೆ ಬಹಳ ಮುಖ್ಯವಾದ ಮಾತು ಇಲ್ಲಿದೆ. ಲೋಹದ ಕೊಳವೆ ಬಾಯಿಯಿಂದ ಗಂಟಲಿನ ತಳಕ್ಕೆ ನೇರ ಗೆರೆಯಲ್ಲಿ ಹೋಗಬೇಕು. ಅದಕ್ಕೆ ಬಾಯಿ ಅಗಲವಾಗಿ ತೆರೆಯಬೇಕು, ಕುತ್ತಿಗೆ ಚೆನ್ನಾಗಿ ಹಿಂದಕ್ಕೆ ಬಾಗಬೇಕು. ಹಿರಿಯರನ್ನು ಕೂರಿಸಿ ಸೂರು ನೋಡಲು ಹೇಳಿ. ಅವರದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಹಿಡಿಯಲು ಹೇಳಿ. ಎರಡೂ ಸಲೀಸಾಗಿ ಆದರೆ ಒಳ್ಳೆಯದು.

ಮಾವನಿಗೆ ಸೂರು ನೋಡಲಾಗಲಿಲ್ಲ. ಪಾವಗಡ, ಬಾಗೇಪಲ್ಲಿ, ಕೋಲಾರ ಜಿಲ್ಲೆಯ ಹಲವು ಊರುಗಳು ದಶಕಗಳ ಕಾಲ ಫ್ಲೋರೈಡ್ ತುಂಬಿದ ಕೊಳವೆಬಾವಿ ನೀರು ಕುಡಿದಿವೆ. ಅದು ಹಲ್ಲನ್ನಷ್ಟೇ ಕಂದಿಸುವುದಿಲ್ಲ, ಬೆನ್ನುಮೂಳೆ ಕುತ್ತಿಗೆಗಳನ್ನೂ ಕೊರಡು ಮಾಡುತ್ತದೆ. ಇನ್ನು ತುಮಕೂರಿನ ಅಡಿಕೆ ಸೀಮೆಯಲ್ಲಿ ಬಾಯಲ್ಲಿ ಸದಾ ಅಡಿಕೆ ಇಟ್ಟುಕೊಂಡವರಿಗೆ, ಎಲ್ಲೇ ಆಗಲಿ ಗುಟ್ಕಾ ಹಾಕುವವರಿಗೆ, ಕೆನ್ನೆಯ ಒಳಪದರ ಬಿಗಿದು ಬಾಯಿ ಎರಡು ಬೆರಳಿನಷ್ಟೂ ತೆರೆಯದಿರಬಹುದು. ಇದನ್ನು ಮುಂಚೆಯೇ ಹೇಳದಿದ್ದರೆ ಅರಿವಳಿಕೆ ಕೊಟ್ಟ ಮೇಲೆ ಕೊಳವೆ ಕೂರದೆ, ಕೆಲಸ ಅಲ್ಲಿಗೇ ನಿಲ್ಲಬಹುದು ಅಥವಾ ಕುತ್ತಿಗೆ ಕೊಯ್ಯಬೇಕಾಗಬಹುದು. ಹಾಗಾದರೆ ಏನು ಮಾಡುತ್ತೀರಿ ಎಂದು ಸಹಿ ಹಾಕುವ ಮೊದಲೇ ಕೇಳಿ. ಸಡಿಲ ಹಲ್ಲು, ಕಟ್ಟಿಸಿದ ಹಲ್ಲುಗಳ ವಿಷಯವನ್ನೂ ತಿಳಿಸಿ.

ನಮ್ಮ ಕಿವಿ, ಮೂಗು, ಗಂಟಲಿನ ವೈದ್ಯರು ಮಾವನ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಾಗಿಸಿ ನೋಡಿ, "ನನ್ನ ಕೊಳವೆ ಇವರಿಗೆ ಹಿಡಿಸುವುದಿಲ್ಲ. ಬಾಗುವ ಕೊಳವೆಯವರ ಬಳಿಗೆ ಕಳಿಸುತ್ತೇನೆ" ಎಂದರು. ತನ್ನ ಕೈಯಲ್ಲಿರುವ ವಿಧಾನವೇ ಶ್ರೇಷ್ಠ ಎನ್ನದೆ ರೋಗಿಗೆ ತಕ್ಕದ್ದನ್ನು ಹೇಳುವ ವೈದ್ಯರು ಸಿಗುವುದು ಪುಣ್ಯ. ಸಿಗದಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ, ಒಬ್ಬರು ಗಂಟಲಿನವರು, ಇನ್ನೊಬ್ಬರು ಹೊಟ್ಟೆಯವರು ಆದರೆ ಇನ್ನೂ ಒಳ್ಳೆಯದು.

ಕೇಳಿ ಓದಿ ನನಗೆ ತಿಳಿದಷ್ಟು ಹೀಗೆ: 75 ದಾಟಿ ಶ್ವಾಸಕೋಶ ಬಡವಾಗಿದ್ದು, ಕುತ್ತಿಗೆ ಬಾಗುವಂತಿದ್ದು, ಚೀಲ 3 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ ಬಾಯಿಯ ಮೂಲಕದ ಸ್ಟೇಪ್ಲರ್. ಕುತ್ತಿಗೆ ಬಿಗಿದಿದ್ದರೆ ಬಾಗುವ ಎಂಡೋಸ್ಕೋಪ್. ಐವತ್ತು ಅರವತ್ತರ ಗಟ್ಟಿಮುಟ್ಟಾದ ಆಸಾಮಿಯಾಗಿದ್ದು, ಚೀಲ ತೀರಾ ಚಿಕ್ಕದು ಅಥವಾ ತೀರಾ ದೊಡ್ಡದಿದ್ದರೆ, ಮುಂದೆ ಇನ್ನೂ ಇಪ್ಪತ್ತು ಮೂವತ್ತು ವರ್ಷ ಉಣ್ಣಬೇಕಾದವರು ಹೊರಗಿನ ಕೊಯ್ತದ ಬಗ್ಗೆ ಗಂಭೀರವಾಗಿ ಯೋಚಿಸಬೇಕು. ಅಂತಿಮ ಮಾತು ನಿಮ್ಮ ವೈದ್ಯರದು.

ಆರನೆಯ ಹೆಜ್ಜೆ: ಕಾಗದ, ಹಣ, ಮಾತ್ರೆ

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ದಾಖಲಾಗಿ ಆಮೇಲೆ ಕಾರ್ಡ್ ತೋರಿಸಬೇಡಿ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಶಿಫಾರಸು ಪತ್ರದ ಬಗ್ಗೆ ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿ. ಸ್ಟೇಪ್ಲರ್, ಕ್ಲಿಪ್ಪುಗಳ ಬೆಲೆ ಒಟ್ಟು ಮೊತ್ತದೊಳಗೆ ಸೇರಿದೆಯೇ ಅಥವಾ ಬೇರೆ ಬಿಲ್ಲೇ ಎಂದು ಬರೆಸಿಕೊಳ್ಳಿ.

ಹೃದಯದವರು ಬರೆದುಕೊಟ್ಟ ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ಮುಚ್ಚಿಡಲೂಬೇಡಿ. ಇನ್ನೊಂದು ಮಾತನ್ನು ಅರಿವಳಿಕೆ ವೈದ್ಯರಿಗೆ ನೀವೇ ಬಾಯಿಬಿಟ್ಟು ಹೇಳಿ: ರಾತ್ರಿಯಿಂದ ಉಪವಾಸವಿದ್ದರೂ ಚೀಲದಲ್ಲಿ ಹಿಂದಿನ ದಿನದ ಆಹಾರ ಉಳಿದಿರಬಹುದು. ಮಂಪರಿನಲ್ಲಿ ಅದು ಶ್ವಾಸನಾಳಕ್ಕೆ ಜಾರುವುದೇ ದೊಡ್ಡ ಅಪಾಯ. ನಮಗೆ ಹಿಂದಿನ ದಿನವೆಲ್ಲ ತಿಳಿನೀರಿನಂಥ ದ್ರವವನ್ನಷ್ಟೇ ಕೊಡಲು ಹೇಳಿದ್ದರು.

ಏಳನೆಯ ಹೆಜ್ಜೆ: ಆದ ಮೇಲಿನ ದಿನಗಳು

ಮೊದಲ ಎರಡು ದಿನ ಒಬ್ಬರು ಹಾಸಿಗೆಯ ಪಕ್ಕದಲ್ಲೇ ಇರಲಿ. ಜ್ವರ, ಎದೆ ನೋವು, ಬೆನ್ನಿನಲ್ಲಿ ಭುಜಗಳ ನಡುವೆ ನೋವು, ನಾಡಿ ಜೋರಾಗುವುದು, ಕುತ್ತಿಗೆ ಊದಿ ಒತ್ತಿದರೆ ಚರ್ಮದಡಿ ಚರಚರ ಎನ್ನುವುದು, ಇವುಗಳಲ್ಲಿ ಒಂದು ಕಂಡರೂ ಬಾಯಿಗೆ ಒಂದು ಹನಿ ನೀರೂ ಹಾಕದೆ ಆಗಿಂದಾಗಲೇ ವೈದ್ಯರನ್ನು ಕರೆಸಿ. ಸೋರಿಕೆಯ ಸುಳಿವುಗಳು ಇವು. ಇದೇ ಕಾರಣಕ್ಕೆ, ಬಿಡುಗಡೆ ಬೇಗ ಸಿಕ್ಕರೂ ಅದೇ ದಿನ ನೂರು ಕಿಲೋಮೀಟರ್ ದೂರದ ಊರಿಗೆ ಬಸ್ ಹತ್ತಬೇಡಿ. ನೆಂಟರ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ಎರಡು ಮೂರು ದಿನ ಆಸ್ಪತ್ರೆಯ ಹತ್ತಿರವೇ ಇರಿ. ನಮ್ಮ ಮನೆಯವರು ಊರಿಗೆ ಹೊರಡೋಣ ಎಂದು ಅವಸರಿಸಿದರೂ ನಾನು ಒಪ್ಪಲಿಲ್ಲ.

ಊಟ ವೈದ್ಯರು ಹೇಳಿದ ಕ್ರಮದಲ್ಲೇ ಆಗಲಿ: ಮೊದಲು ನೀರು, ಆಮೇಲೆ ಸೋಸಿದ ರಾಗಿ ಅಂಬಲಿ, ತಿಳಿ ಮಜ್ಜಿಗೆ, ಬೇಳೆ ಕಟ್ಟು, ನಂತರ ಕಿವುಚಿದ ಮೆತ್ತನೆಯ ಅನ್ನ. ಕಡಲೆಕಾಯಿ ಚಟ್ನಿ, ಚಪಾತಿ, ಮಾಂಸ ಕೊನೆಗೆ. ಕೂತೇ ಉಣ್ಣಬೇಕು, ಉಂಡ ಕೂಡಲೇ ಮಲಗಬಾರದು. ಮುದ್ದೆಯನ್ನು ಆರನೆಯ ವಾರ ಕೇಳಿ, ಒಪ್ಪಿಗೆ ಪಡೆದು ಕೊಟ್ಟೆವು, ಗೋಲಿಯಷ್ಟು ತುತ್ತುಗಳಲ್ಲಿ. ಮಾವ ಮೊದಲ ತುತ್ತು ನುಂಗಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸಿ, "ಇನ್ನೊಂಚೂರು ಸಾರು ಬಿಡಮ್ಮ" ಎಂದರು.

ಬಾಯಿಯ ಮೂಲಕ ಮಾಡಿದ ಶಸ್ತ್ರಚಿಕಿತ್ಸೆಯ ನಂತರ ಬೇರಿಯಂ ಚಿತ್ರ ತೆಗೆದರೆ ಚೀಲ ಇನ್ನೂ ಕಾಣಬಹುದು. ಗಾಬರಿಯಾಗಬೇಡಿ. ಚೀಲವನ್ನು ತೆಗೆದಿಲ್ಲ, ಗೋಡೆಯನ್ನು ಮಾತ್ರ ಸೀಳಿದ್ದಾರೆ. ಊಟ ಸಲೀಸಾಗಿ ಇಳಿಯುತ್ತಿದೆಯೇ, ರಾತ್ರಿ ಕೆಮ್ಮು ನಿಂತಿದೆಯೇ, ತೂಕ ಏರುತ್ತಿದೆಯೇ ಎಂಬುದೇ ಲೆಕ್ಕ. ತಿಂಗಳೋ ವರ್ಷವೋ ಆದ ಮೇಲೆ ದಿಂಬಿನ ಮೇಲೆ ಮತ್ತೆ ಕಾಳು ಕಂಡರೆ, ಗುಳುಗುಳು ಸದ್ದು ಮರಳಿದರೆ, ಮುಜುಗರಪಡದೆ ಅದೇ ವೈದ್ಯರ ಬಳಿಗೆ ಹೋಗಿ ಮತ್ತೊಮ್ಮೆ ಬೇರಿಯಂ ಮಾಡಿಸಿ.

ಮಾವನ ಫೈಲಿನ ಮೊದಲ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಹೀಗೆ ಬರೆದು ಅಂಟಿಸಿದ್ದೇನೆ, ನೀವೂ ಬರೆದಿಡಿ: "ಗಂಟಲಿನಲ್ಲಿ ಝೆಂಕರ್ ಚೀಲವಿದೆ, ಶಸ್ತ್ರಚಿಕಿತ್ಸೆಯಾಗಿದೆ. ಮೂಗಿನ ಪೈಪ್, ಎಂಡೋಸ್ಕೋಪ್ ಯಾವುದನ್ನೂ ಕುರುಡಾಗಿ ಇಳಿಸಬೇಡಿ." ಕೆಳಗೆ ಶಸ್ತ್ರಚಿಕಿತ್ಸೆಯ ದಿನಾಂಕ, ವಿಧಾನ, ಚೀಲದ ಅಳತೆ.